ಹನ್ನೆರಡರವರೆಗೆ ತಿರುಗೋ ನಾಬ್: ಹಳೇ ವಾಲ್ವ್ ಆಂಪ್‌ನ ಕಥೆ

1/11

ಫೋನಲ್ಲಿ ಯಾವುದೇ ಗಿಟಾರ್ ಆ್ಯಪ್ ತೆಗೀರಿ. 'ಟ್ವೀಡ್', 'ಬ್ರಿಟಿಷ್ 60', 'ವಿಂಟೇಜ್ ಕ್ರಂಚ್' ಅಂತ ಪ್ರೀಸೆಟ್‌ಗಳು ಸಾಲಾಗಿ ಕೂತಿರ್ತವೆ. ಒಂದೊಂದನ್ನೂ ಒತ್ತಿ ನೋಡಿ, ಚೆನ್ನಾಗಿದೆ ಅನ್ನಿಸಿದ್ದನ್ನ ಇಟ್ಕೊಂಡು ನಾವು ಮುಂದೆ ಹೋಗ್ತೀವಿ. ಆದ್ರೆ ಆ ಹೆಸರುಗಳ ಹಿಂದೆ ನಿಜವಾದ ಪೆಟ್ಟಿಗೆಗಳಿದ್ದವು. ಮರದ ಚೌಕಟ್ಟು, ಒಳಗೆ ಕೆಂಪಗೆ ಕಾಯೋ ಗಾಜಿನ ವಾಲ್ವ್, ಮುಂದೆ ಕಾಗದದ ಕೋನ್ ಇರೋ ಸ್ಪೀಕರ್. 'ಟ್ವೀಡ್' ಅನ್ನೋದು ಆ ಪೆಟ್ಟಿಗೆಯ ಮೈಗೆ ಅಂಟಿಸಿದ್ದ ಬಟ್ಟೆಯ ಹೆಸರು. ಆಗಿನ ಸೂಟ್‌ಕೇಸ್‌ಗಳಿಗೆ ಹಾಕ್ತಿದ್ದ ಬಟ್ಟೆ, ಅಷ್ಟೇ.

ಇದರಲ್ಲಿ ನಂಗೆ ತುಂಬಾ ಇಷ್ಟವಾದ ವಿಷಯ ಏನು ಗೊತ್ತಾ? ಇವತ್ತು ಎಲ್ಲರೂ ಹುಡುಕೋ ಆ ಟೋನನ್ನ, ಆ ಪೆಟ್ಟಿಗೆ ಮಾಡಿದವರು ಬೇಕು ಅಂತ ಇಟ್ಟಿದ್ದಲ್ಲ. ಅವರ ಲೆಕ್ಕದಲ್ಲಿ ಅದು ದೋಷ. ಆಂಪ್ ತನ್ನ ಶಕ್ತಿ ಮೀರಿದಾಗ ಬರೋ ಸದ್ದು. ನುಡಿಸೋರು ಆ ದೋಷವನ್ನೇ ಹಿಡ್ಕೊಂಡು ಬಿಡಲಿಲ್ಲ. ಅದಕ್ಕೇ ಹಳೇ ಮಾದರಿ ಆಂಪ್‌ನಿಂದ ಒಳ್ಳೇ ಟೋನ್ ತೆಗೀಬೇಕು ಅಂದ್ರೆ ಮ್ಯಾನುಯಲ್‌ಗಿಂತ ಇತಿಹಾಸ ಜಾಸ್ತಿ ಸಹಾಯ ಮಾಡುತ್ತೆ.

ಮೊದಲು ಕಥೆ, ಆಮೇಲೆ ನಾಬ್. ನಾಬೇ ಬೇಕು ಅನ್ನೋರು ಸೀದಾ 7ಕ್ಕೆ ಹೋಗಿ, ಬೇಜಾರಿಲ್ಲ. ಆದ್ರೆ 10ನ್ನ ಮಾತ್ರ ಬಿಡಬೇಡಿ.

2/11

ವಾಲ್ವ್ ಅಂದ್ರೇನು ಅಂತ ಮನೇಲಿ ಅಜ್ಜ-ಅಜ್ಜಿಯನ್ನ ಕೇಳಿ. ಹಳೇ ರೇಡಿಯೋ ಸ್ವಿಚ್ ಹಾಕಿದ ತಕ್ಷಣ ಮಾತಾಡ್ತಿರಲಿಲ್ಲ. ಒಳಗಡೆ ಕಾದ ಮೇಲೆ ನಿಧಾನಕ್ಕೆ ದನಿ ಏರ್ತಿತ್ತು. (ತಡವಾಗಿ ಅರ್ಥ ಆಗೋರನ್ನ 'ಟ್ಯೂಬ್‌ಲೈಟ್' ಅಂತ ಆಡ್ಕೊಳ್ತೀವಲ್ಲ, ಈ ಟ್ಯೂಬೂ ಅದೇ ಜಾತಿ.) ಅಮೆರಿಕದವರು ಟ್ಯೂಬ್ ಅಂತಾರೆ, ಇಂಗ್ಲೆಂಡಿನವರು ವಾಲ್ವ್ ಅಂತಾರೆ. ವಸ್ತು ಒಂದೇ.

ಗಾಳಿ ತೆಗೆದ ಗಾಜಿನ ಬುರುಡೆ. ಒಳಗಿನ ಕ್ಯಾಥೋಡ್ ಕಾದಾಗ ಅದರಿಂದ ಎಲೆಕ್ಟ್ರಾನ್‌ಗಳು ಹೊರಟು ಎದುರಿನ ಪ್ಲೇಟ್ ಕಡೆಗೆ ಓಡ್ತವೆ. ನಡುವೆ ಒಂದು ಜಾಲರಿ ಇದೆ, ಗ್ರಿಡ್ ಅಂತ. ಅಮೆರಿಕದ ಲೀ ಡಿ ಫಾರೆಸ್ಟ್ 1906ರ ಸುಮಾರಿಗೆ ಸೇರಿಸಿದ್ದು ಇದನ್ನೇ. ಗಿಟಾರ್‌ನಿಂದ ಬರೋ ಪುಟ್ಟ ಸಿಗ್ನಲ್ ಈ ಜಾಲರಿಗೆ ಹೋಗುತ್ತೆ. ಕೆರೆಯ ತೂಬು ಇದ್ದ ಹಾಗೆ. ತೂಬನ್ನ ಬೆರಳಷ್ಟು ಎತ್ತಿದ್ರೆ ಸಾಕು, ಕಾಲುವೆ ತುಂಬಾ ನೀರು.

ಆದ್ರೆ ತೂಬು ಪೂರ್ತಿ ತೆರೆದ ಮೇಲೆ ಇನ್ನೂ ಎತ್ತಿದ್ರೆ ನೀರು ಜಾಸ್ತಿ ಬರುತ್ತಾ? ಇಲ್ಲ. ಪೂರ್ತಿ ಮುಚ್ಚಿದ ಮೇಲೆ ಇನ್ನೂ ಒತ್ತಿದ್ರೂ ಕಡಿಮೆ ಆಗಲ್ಲ. ಆ ಎರಡು ಕೊನೆಗಳಲ್ಲಿ ಸದ್ದಿನ ಅಲೆಯ ತಲೆ ಚಪ್ಪಟೆ ಆಗುತ್ತೆ. ಹಾಗೆ ಚಪ್ಪಟೆ ಆದಾಗ ಮೂಲ ಸ್ವರದ ಜೊತೆ ಅದರ ಮೇಲಿನ ಹೊಸ ಸ್ವರಾಂಶಗಳು ಹುಟ್ಟಿಕೊಳ್ತವೆ. ಅದೇ ಡಿಸ್ಟಾರ್ಶನ್. ವಾಲ್ವಿನಲ್ಲಿ ಇದು ಮೆಲ್ಲಗೆ ಶುರುವಾಗುತ್ತೆ, ಅಂಚು ದುಂಡಗಿರುತ್ತೆ. ಸಾದಾ ಟ್ರಾನ್ಸಿಸ್ಟರ್ ಆಂಪ್‌ನಲ್ಲಿ ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಥಟ್ಟಂತ ಆಗುತ್ತೆ.

ನಮ್ಮ ಕಿವಿಗೆ ಈ ರುಚಿ ಪೂರ್ತಿ ಹೊಸದಲ್ಲ. ತಂಬೂರಿಯ ಕುದುರೆ ಮೇಲೆ, ತಂತಿಯ ಕೆಳಗೆ ಒಂದು ನೂಲಿನ ಎಳೆ ಇಡ್ತಾರಲ್ಲ? ಆ ಝೇಂಕಾರವೂ ಮೇಲಿನ ಸ್ವರಾಂಶಗಳನ್ನ ಎಬ್ಬಿಸೋ ಉಪಾಯವೇ. ದಾರಿ ಬೇರೆ, ಆಸೆ ಒಂದೇ.

3/11

ಲಿಯೋ ಫೆಂಡರ್‌ಗೆ ಗಿಟಾರ್ ನುಡಿಸೋಕೆ ಬರ್ತಿರಲಿಲ್ಲ. ತಮಾಷೆ ಅಲ್ಲ, ನಿಜ. ಓದಿದ್ದು ಅಕೌಂಟಿಂಗ್, ಹೊಟ್ಟೆಪಾಡಿಗೆ ರೇಡಿಯೋ ರಿಪೇರಿ. 1938ರಲ್ಲಿ ಕ್ಯಾಲಿಫೋರ್ನಿಯಾದ ಫುಲ್ಲರ್ಟನ್ ಊರಲ್ಲಿ ಅಂಗಡಿ ತೆಗೆದ್ರು. ಬ್ಯಾಂಡಿನವರು ಕೆಟ್ಟ ಆಂಪ್, ಕೆಟ್ಟ ಮೈಕ್ ಸೆಟ್ ಹೊತ್ಕೊಂಡು ಬರೋರು. ಬಿಚ್ಚಿ ಬಿಚ್ಚಿ ಯಾವುದು ಎಲ್ಲಿ ಕೆಡುತ್ತೆ ಅನ್ನೋದು ಇವರಿಗೆ ಬಾಯಿಪಾಠ ಆಯ್ತು. 1946ರಲ್ಲಿ ತಮ್ಮದೇ ಹೆಸರಿನ ಕಂಪನಿ. ಗಟ್ಟಿ ಪೆಟ್ಟಿಗೆ, ಸುಲಭವಾಗಿ ಬಿಚ್ಚಿ ರಿಪೇರಿ ಮಾಡೋ ಹಾಗೆ ಜೋಡಿಸಿದ ಒಳಭಾಗ. ರಿಪೇರಿಯವನ ಬುದ್ಧಿ ಪ್ರತಿ ಆಂಪ್‌ನಲ್ಲೂ ಕಾಣುತ್ತೆ.

ಆಗಿನ ಗಿರಾಕಿಗಳು ಕಂಟ್ರಿ, ವೆಸ್ಟರ್ನ್ ಸ್ವಿಂಗ್ ನುಡಿಸೋರು. ಕುಣಿಯೋ ಜನರ ಗಲಾಟೆ ಮೇಲೆ ಗಿಟಾರ್ ಕೇಳಬೇಕು, ತಿಳಿಯಾಗಿ ಕೇಳಬೇಕು. ಲಿಯೋ ವರ್ಷದಿಂದ ವರ್ಷಕ್ಕೆ ಓಡಿದ್ದು ಆ ತಿಳಿಸದ್ದಿನ ಹಿಂದೆ. 1963ರಲ್ಲಿ ಬಂದ ಟ್ವಿನ್ ರಿವರ್ಬ್ ಅನ್ನೋ 85 ವ್ಯಾಟಿನ ರಾಕ್ಷಸ ಆ ಓಟದ ಗುರಿ. ಎಷ್ಟು ಜೋರು ಮಾಡಿದ್ರೂ ಸುಲಭಕ್ಕೆ ಒಡೆಯಲ್ಲ.

ನಾನು ಹೇಳೋಕೆ ಹೊರಟಿರೋದು ಅದಕ್ಕಿಂತ ಹಿಂದಿನ ಒಂದು ಸಣ್ಣ ಆಂಪ್ ಬಗ್ಗೆ. ಡೀಲಕ್ಸ್, 5ಇ3 ಸರ್ಕ್ಯೂಟ್, 1955ರಿಂದ 1960ರವರೆಗೆ ಬಂದದ್ದು. ಸುಮಾರು 15 ವ್ಯಾಟ್, ಒಂದು 12 ಇಂಚಿನ ಸ್ಪೀಕರ್. ನಾಬ್ ಬರೀ ಮೂರು: ಎರಡು ವಾಲ್ಯೂಮ್, ಒಂದು ಟೋನ್. ಎರಡು ವಾಲ್ಯೂಮ್ ಯಾಕೆ ಅಂದ್ರೆ ಒಂದು ಗಿಟಾರಿಗೆ, ಇನ್ನೊಂದು ಮೈಕಿಗೆ. ಹಾಡೋರೂ ನುಡಿಸೋರೂ ಒಂದೇ ಪೆಟ್ಟಿಗೆಗೆ ಚುಚ್ಚಿಕೊಳ್ತಿದ್ದ ಕಾಲ. ನಾಬಿನ ಅಂಕಿ ಹತ್ತಕ್ಕೆ ನಿಲ್ಲಲ್ಲ, ಹನ್ನೆರಡರವರೆಗೆ ಹೋಗುತ್ತೆ. ಕ್ಯಾಟಲಾಗ್ ಬರೆದವರು ಅದನ್ನ ಹನ್ನೆರಡಕ್ಕೆ ಇಟ್ಟು ನುಡಿಸ್ತಾರೆ ಅಂದ್ಕೊಂಡಿರಲಿಕ್ಕಿಲ್ಲ. ನೀಲ್ ಯಂಗ್ ತನ್ನ 1959ರ ಡೀಲಕ್ಸ್‌ಗೆ ಒಂದು ಯಂತ್ರವನ್ನೇ ಮಾಡಿಸಿಕೊಂಡ್ರು. ಕಾಲಲ್ಲಿ ಒತ್ತಿದ್ರೆ ಮೋಟಾರ್ ಬಂದು ಆಂಪ್‌ನ ನಾಬನ್ನೇ ತಿರುಗಿಸುತ್ತೆ. ಪೆಡಲ್ ಹಾಕಿದ್ರೆ ಮುಗೀತಿತ್ತಲ್ಲ ಅಂತ ನಮಗನ್ನಿಸುತ್ತೆ. ಅವರಿಗೆ ಆ ಆಂಪ್ ತಾನೇ ಒಡೆಯೋ ಸದ್ದೇ ಬೇಕಿತ್ತು.

4/11

ಮಾರ್ಚ್ 1951, ಮೆಂಫಿಸ್. ಮಿಸಿಸಿಪ್ಪಿಯಿಂದ ಐಕ್ ಟರ್ನರ್ ಬ್ಯಾಂಡು ಸ್ಯಾಮ್ ಫಿಲಿಪ್ಸ್ ಸ್ಟುಡಿಯೋಗೆ ರೆಕಾರ್ಡಿಂಗಿಗೆ ಬರುತ್ತೆ. ದಾರೀಲಿ ಗಿಟಾರಿಸ್ಟ್ ವಿಲ್ಲಿ ಕಿಜಾರ್ಟ್‌ನ ಆಂಪ್ ಹಾಳಾಗಿದೆ. ಕಾರಿನ ಮೇಲಿಂದ ಬಿತ್ತು ಅನ್ನೋದು ಒಂದು ಕಥೆ, ಮಳೇಲಿ ನೆನೀತು ಅನ್ನೋದು ಇನ್ನೊಂದು. ರಿಪೇರಿ ಮಾಡಿಸೋಕೆ ಟೈಮ್ ಇಲ್ಲ. ಸ್ಪೀಕರ್ ಕೋನ್‌ಗೆ ಕಾಗದ ತುರುಕಿ ಹಾಗೇ ನುಡಿಸಿದ್ರು. ಗರಗರ ಅನ್ನೋ ಆ ಸದ್ದು ಫಿಲಿಪ್ಸ್‌ಗೆ ಹಿಡಿಸ್ತು. 'ರಾಕೆಟ್ 88' ಅಂತ ಆ ಹಾಡು ಬಂತು, ಅಮೆರಿಕದ ರಿದಮ್ ಆ್ಯಂಡ್ ಬ್ಲೂಸ್ ಪಟ್ಟಿಯಲ್ಲಿ ಒಂದನೇ ಜಾಗಕ್ಕೆ ಏರ್ತು. ಮೊದಲ ರಾಕ್ ಆ್ಯಂಡ್ ರೋಲ್ ಹಾಡು ಯಾವುದು ಅನ್ನೋ ಮುಗಿಯದ ಜಗಳದಲ್ಲಿ ಇದರ ಹೆಸರು ಯಾವಾಗ್ಲೂ ಬರುತ್ತೆ.

1958. ಲಿಂಕ್ ರೇ ಪೆನ್ಸಿಲ್ ತಗೊಂಡು ಸ್ಪೀಕರ್‌ಗೆ ತೂತು ಮಾಡಿ 'ರಂಬಲ್' ನುಡಿಸ್ತಾರೆ. ಅದರಲ್ಲಿ ಮಾತೇ ಇಲ್ಲ, ಬರೀ ವಾದ್ಯ. ಆದ್ರೂ ಹುಡುಗರು ಹೊಡೆದಾಡಿಕೊಂಡಾರು ಅಂತ ಕೆಲವು ರೇಡಿಯೋ ಸ್ಟೇಷನ್‌ಗಳು ಅದನ್ನ ಹಾಕಲಿಲ್ಲ. ಒಂದು ಪದ ಇಲ್ಲದ ಹಾಡಿಗೆ ನಿಷೇಧ. ಟೋನ್‌ಗೆ ಇಂಥ ಗೌರವ ಮತ್ತೆ ಸಿಕ್ಕಿದ್ದು ನಂಗೆ ಗೊತ್ತಿಲ್ಲ.

1964, ಲಂಡನ್. ಕಿಂಕ್ಸ್ ಬ್ಯಾಂಡಿನ ಡೇವ್ ಡೇವೀಸ್, ಇನ್ನೂ 17ರ ಹುಡುಗ, ಒಂದು ಪುಟ್ಟ ಅಗ್ಗದ ಆಂಪ್‌ನ ಸ್ಪೀಕರನ್ನ ಬ್ಲೇಡಿನಲ್ಲಿ ಸೀಳಿ, ಅದನ್ನ ದೊಡ್ಡ ವಾಕ್ಸ್ ಎಸಿ30ಗೆ ಜೋಡಿಸಿ 'ಯೂ ರಿಯಲಿ ಗಾಟ್ ಮಿ' ನುಡಿಸ್ತಾನೆ.

ಈ ಮೂವರನ್ನ ಒಟ್ಟಿಗೆ ಇಡೋದಕ್ಕೆ ಕಾರಣ ಇದೆ. ಟೋನ್ ಇತಿಹಾಸ ಹೇಳೋರು ಸಾಮಾನ್ಯವಾಗಿ ಕಂಪನಿ ಹೆಸರಿಂದ ಶುರು ಮಾಡಿ ಕಂಪನಿ ಹೆಸರಲ್ಲೇ ಮುಗಿಸ್ತಾರೆ. ಕಿಜಾರ್ಟ್ ಹೆಸರು ಎಷ್ಟು ಜನಕ್ಕೆ ಗೊತ್ತು? ಯಾವ ಆಂಪ್ ಮೇಲೂ ಅವರ ಹೆಸರಿಲ್ಲ, ಯಾವ ಪ್ರೀಸೆಟ್ಟಿಗೂ ಇಲ್ಲ. ಮೊದಲ ಸಾಲಲ್ಲಿ ಇರಬೇಕಾದ ಹೆಸರು ಅದು.

5/11

ಈಗ ಅಟ್ಲಾಂಟಿಕ್ ದಾಟಬೇಕು. ಅದಕ್ಕೆ ಮೊದಲು ಇನ್ನೊಂದು ಫೆಂಡರ್ ಪೆಟ್ಟಿಗೆ: ಬಾಸ್‌ಮನ್. ಹೆಸರೇ ಹೇಳುತ್ತೆ, ಬಾಸ್ ಗಿಟಾರಿಗೆ ಅಂತ ಮಾಡಿದ್ದು. 1950ರ ದಶಕದ ಕೊನೆಯ ಮಾದರಿ, 5ಎಫ್6-ಎ, 40 ವ್ಯಾಟಿನ ಆಸುಪಾಸು, ನಾಲ್ಕು 10 ಇಂಚಿನ ಸ್ಪೀಕರ್. ಬಾಸ್‌ನವರಿಗಿಂತ ಜಾಸ್ತಿ ಗಿಟಾರಿನವರೇ ಇದನ್ನ ಎತ್ಕೊಂಡು ಹೋದ್ರು. ಸ್ವಲ್ಪ ಜೋರು ಮಾಡಿದ್ರೆ ಚೆನ್ನಾಗಿ ಒಡೀತಿತ್ತು, ನಾಲ್ಕು ಕೋನ್ ಒಟ್ಟಿಗೆ ಉಸಿರಾಡ್ತಿದ್ದವು.

ಜಿಮ್ ಮಾರ್ಷಲ್ ಡ್ರಮ್ ಮೇಷ್ಟ್ರು. ಹೌದು, ಅದೇ ಮಾರ್ಷಲ್. 1960ರಲ್ಲಿ ಪಶ್ಚಿಮ ಲಂಡನ್ನಿನ ಹ್ಯಾನ್‌ವೆಲ್‌ನಲ್ಲಿ ವಾದ್ಯದ ಅಂಗಡಿ ತೆಗೆದ್ರು. ಪೀಟ್ ಟೌನ್‌ಶೆಂಡ್‌ನಂಥ ಹುಡುಗರು ಅಲ್ಲಿಗೆ ಬಂದು ಗಿಟಾರ್ ಆಂಪ್ ಇಡಿ, ಇನ್ನೂ ಜೋರಿರೋದು ಬೇಕು ಅಂತ ಪೀಡಿಸೋರು. ಅಮೆರಿಕದ ಮಾಲು ಇಂಗ್ಲೆಂಡಿಗೆ ಬರೋಷ್ಟರಲ್ಲಿ ಬೆಲೆ ಆಕಾಶಕ್ಕೆ. ಅಂಗಡಿಯ ರಿಪೇರಿಯವರು ಕೆನ್ ಬ್ರಾನ್, ಜೊತೆಗೆ ಡಡ್ಲಿ ಕ್ರೇವನ್ ಅನ್ನೋ ಚಿಕ್ಕ ವಯಸ್ಸಿನ ಎಲೆಕ್ಟ್ರಾನಿಕ್ಸ್ ಹುಡುಗ. ಬಾಸ್‌ಮನ್ ಸರ್ಕ್ಯೂಟನ್ನ ಹೆಚ್ಚುಕಮ್ಮಿ ಹಾಗೇ ಇಳಿಸಿ 1962ರಲ್ಲಿ ಒಂದು ಆಂಪ್ ಮಾಡಿದ್ರು. ಜೆಟಿಎಂ45. ಜಿಮ್, ಅವರ ಮಗ ಟೆರ್ರಿ, ಮಾರ್ಷಲ್, ಹೀಗೆ ಮೂರಕ್ಷರ.

ಕಾಪಿ ಅಂತ ಮೂಗು ಮುರಿಯೋ ಮೊದಲು ಏನೇನು ಬದಲಾಯ್ತು ನೋಡಿ. ಮೊದಲ ವಾಲ್ವ್ ಜಾಗಕ್ಕೆ ಇಸಿಸಿ83 ಹಾಕಿದ್ರು. ಬಾಸ್‌ಮನ್‌ನಲ್ಲಿದ್ದ 12ಎವೈ7ಗಿಂತ ಇದು ಸಿಗ್ನಲನ್ನ ಎರಡು ಪಟ್ಟಿಗಿಂತ ಜಾಸ್ತಿ ಹಿಗ್ಗಿಸುತ್ತೆ. ಸ್ವಲ್ಪ ದಿನದಲ್ಲೇ ಪವರ್ ವಾಲ್ವ್ ಇಂಗ್ಲೆಂಡಿನ ಕೆಟಿ66 ಆಯ್ತು. ಸ್ಪೀಕರ್ ಸೆಲೆಸ್ಟಿಯನ್, ಅದೂ ಹಿಂದೆ ಮುಚ್ಚಿದ ಪೆಟ್ಟಿಗೆಯಲ್ಲಿ ನಾಲ್ಕು. ಕೈಗೆ ಸಿಕ್ಕಿದ ಬಿಡಿಭಾಗ ಹಾಕಿದ್ರು, ಆದ್ರೆ ಸಿಕ್ಕಿದ್ದೆಲ್ಲ ಒಂದೇ ಕಡೆ ತಳ್ತು: ಬೇಗ ಒಡೆಯುತ್ತೆ, ದಪ್ಪಗೆ ಒಡೆಯುತ್ತೆ. ಅಡುಗೆ ಅದೇ, ಒಗ್ಗರಣೆ ಬೇರೆ.

6/11

1966, ಲಂಡನ್ನಿನ ಡೆಕ್ಕಾ ಸ್ಟುಡಿಯೋ. ಜಾನ್ ಮೇಯಾಲ್‌ನ ಬ್ಲೂಸ್‌ಬ್ರೇಕರ್ಸ್ ಬ್ಯಾಂಡಿಗೆ ಗಿಟಾರ್ ನುಡಿಸೋಕೆ ಬಂದಿರೋದು ಎರಿಕ್ ಕ್ಲಾಪ್ಟನ್, ವಯಸ್ಸು 21. ಕೈಯಲ್ಲಿ ಗಿಬ್ಸನ್ ಲೆಸ್ ಪಾಲ್, ಜೊತೆಗೆ ಮಾರ್ಷಲ್‌ನ ಎರಡು ಸ್ಪೀಕರಿನ ಒಂದೇ ಪೆಟ್ಟಿಗೆ ಆಂಪ್. ಅದರ ಮಾಡೆಲ್ ನಂಬರ್ 1962. ಇಸವಿ ಅಲ್ಲ, ಬರೀ ನಂಬರ್. ಈ ಗೊಂದಲಕ್ಕೆ ಬೀಳದ ಗಿಟಾರಿಸ್ಟ್ ಇಲ್ಲ.

ಆಗಿನ ಸ್ಟುಡಿಯೋ ಸಂಪ್ರದಾಯ ಏನಂದ್ರೆ, ಆಂಪ್ ಮೆಲ್ಲಗಿಡು, ಮೈಕನ್ನ ಅದರ ಬಾಯಿಗೇ ಇಡು, ಉಳಿದದ್ದು ನಾವು ನೋಡ್ಕೊಳ್ತೀವಿ. ಈ ಹುಡುಗ ಒಪ್ಪಲಿಲ್ಲ. ಸ್ಟೇಜಲ್ಲಿ ಎಷ್ಟು ಜೋರೋ ಇಲ್ಲೂ ಅಷ್ಟೇ ಅಂದ. ಸಮಸ್ಯೆ ಬರೀ ಹಟದ್ದಲ್ಲ. ಮೆಲ್ಲಗಿಟ್ರೆ ಆ ಟೋನ್ ಹುಟ್ಟೋದೇ ಇಲ್ಲ. ವಾಲ್ವ್, ಟ್ರಾನ್ಸ್‌ಫಾರ್ಮರ್, ಸ್ಪೀಕರ್ ಎಲ್ಲವೂ ಬೆವರಬೇಕು. ರೆಕಾರ್ಡಿಂಗ್ ಎಂಜಿನಿಯರ್ ಗಸ್ ಡಜನ್‌ಗೆ ಅಷ್ಟು ಸದ್ದು ಹೊಸದು. ಬೇರೆ ವಾದ್ಯದ ಮೈಕುಗಳಿಗೆಲ್ಲ ಗಿಟಾರ್ ನುಗ್ತಾ ಇದೆ. ಕೊನೆಗೆ ಕ್ಲಾಪ್ಟನ್ ಹೇಳಿದ ಹಾಗೇ ನಡೀತು, ಮೈಕ್ ದೂರ ಹೋಯ್ತು.

ಆ ಆಲ್ಬಂ ಜುಲೈ 1966ರಲ್ಲಿ ಬಂತು. ಕೇಳಿ. ಹೆಡ್‌ಫೋನ್‌ನಲ್ಲಿ ಕೇಳಿ. ಒಂದು ಸ್ವರ ಎಳೆದಾಗ ಅದು ಕರಗದೆ ನಿಲ್ಲುತ್ತಲ್ಲ, ಪಿಟೀಲಿನ ಹಾಗೆ, ಅದಕ್ಕಾಗಿ ಆ ಜಗಳ.

ಗಮನಿಸಿ, ಲಿಯೋ ಫೆಂಡರ್ ತಿಳಿಸದ್ದಿಗೆ ಅಂತ ಬರೆದ ಸರ್ಕ್ಯೂಟು ಬಾಸ್ ಗಿಟಾರಿನ ಪೆಟ್ಟಿಗೆಗೆ ಹೋಯ್ತು. ಅಲ್ಲಿಂದ ಡ್ರಮ್ ಮೇಷ್ಟ್ರ ಅಂಗಡಿಗೆ, ಅಲ್ಲಿಂದ 21ರ ಹುಡುಗನ ಕೈಗೆ. ಒಬ್ಬರೂ ಮೊದಲಿನವರ ಉದ್ದೇಶ ಪಾಲಿಸಲಿಲ್ಲ.

7/11

ಸರಿ, ಈಗ ನಾಬ್. ನಿಮ್ಮೆದುರು ಟ್ವೀಡ್ ಡೀಲಕ್ಸ್ ಮಾದರಿಯ ಆಂಪ್ ಇದೆ ಅಂದ್ಕೊಳ್ಳಿ. 5ಇ3 ಸರ್ಕ್ಯೂಟಿನ ಹೊಸ ಪ್ರತಿಗಳು, ಜೋಡಿಸೋ ಕಿಟ್‌ಗಳು ಇವತ್ತೂ ಬರ್ತವೆ. ಆ್ಯಪ್‌ನ 'ಟ್ವೀಡ್' ಪ್ರೀಸೆಟ್ಟಿಗೂ ಇದು ಬಹಳ ಮಟ್ಟಿಗೆ ನಡೆಯುತ್ತೆ, ಮಾಡಿ ನೋಡಿ.

ವಾಲ್ಯೂಮ್ ಅನ್ನೋ ಹೆಸರು ನಂಬಬೇಡಿ. ಇದರಲ್ಲಿ ಅರ್ಧದ ಹತ್ತಿರ ಹೋದ ಮೇಲೆ ಸದ್ದು ಅಷ್ಟೇನೂ ಏರಲ್ಲ, ಒಡೆಯೋದು ಮಾತ್ರ ಏರುತ್ತೆ. ಅದಕ್ಕೆ ಮೊದಲ ಕೆಲಸ: ಗಿಟಾರ್ ವಾಲ್ಯೂಮ್ ಪೂರ್ತಿ ಇಟ್ಟು, ಜೋರಾಗಿ ಹೊಡೆದಾಗ ಒಡೆಯೋ, ಮೆಲ್ಲಗೆ ಮೀಟಿದಾಗ ತಿಳಿಯಾಗೋ ಜಾಗ ಹುಡುಕಿ. ಅದು ಸಿಕ್ಕ ಮೇಲೆ ಇನ್ನೂ ಸ್ವಲ್ಪ ಮುಂದಕ್ಕೆ ತಿರುಗಿಸಿ, ಆಂಪ್ ಕಡೆ ಮತ್ತೆ ಹೋಗಬೇಡಿ. ಇನ್ನು ಮೇಲೆ ನಿಮ್ಮ ಕಂಟ್ರೋಲ್ ಗಿಟಾರಿನ ಮೇಲಿರೋ ನಾಬ್. 10ರಲ್ಲಿ ಸೋಲೊ, 6-7ರಲ್ಲಿ ರಿದಮ್, 3-4ರಲ್ಲಿ ತಿಳಿಸದ್ದು. ಆ ಕಾಲದವರಿಗೆ ಚಾನೆಲ್ ಬದಲಿಸೋ ಫುಟ್‌ಸ್ವಿಚ್ ಇರಲಿಲ್ಲ, ಕಿರುಬೆರಳಿತ್ತು. ನಮ್ಮಲ್ಲಿ ಬಹಳ ಜನ ಗಿಟಾರ್ ವಾಲ್ಯೂಮನ್ನ ಕೊಂಡ ದಿನದಿಂದ 10ರಿಂದ ಇಳಿಸೇ ಇಲ್ಲ. ಅದು ಅರ್ಧ ವಾದ್ಯ ಬಿಟ್ಟು ನುಡಿಸಿದ ಹಾಗೆ.

ನಾಬ್ ಇಳಿಸಿದಾಗ ಟ್ರೆಬಲ್ ಸ್ವಲ್ಪ ಸಾಯುತ್ತೆ, ಸಹಜ. ಅದಕ್ಕೆ ಆಂಪ್‌ನ ಟೋನ್ ಒಂದು ಚೂರು ಚುರುಕಾಗೇ ಇಟ್ಟಿರಿ. ಕೇಬಲ್ ಉದ್ದ ಆದಷ್ಟೂ ಟ್ರೆಬಲ್ ಸೋರುತ್ತೆ, ಮೂರು-ನಾಲ್ಕು ಮೀಟರ್ ಸಾಕಾದ್ರೆ ಹತ್ತು ಮೀಟರ್ ಯಾಕೆ?

ಇನ್ನೊಂದು ವಿಚಿತ್ರ. ಏನೂ ಚುಚ್ಚದ ಖಾಲಿ ಚಾನೆಲ್‌ನ ವಾಲ್ಯೂಮ್ ತಿರುಗಿಸಿ. ಸದ್ದು ಬದಲಾಗುತ್ತೆ! ಎರಡು ನಾಬೂ ಒಳಗೆ ಒಂದಕ್ಕೊಂದು ತಾಗಿಕೊಂಡಿವೆ. ಹಾಗಾಗಿ ಈ ಆಂಪ್‌ಗೆ ನಿಜವಾಗಿ ಮೂರು ಟೋನ್ ಕಂಟ್ರೋಲ್. ಖಾಲಿ ನಾಬನ್ನ ಸೊನ್ನೆಯಿಂದ ಹನ್ನೆರಡರವರೆಗೆ ನಿಧಾನಕ್ಕೆ ತಿರುಗಿಸ್ತಾ ಒಂದೇ ಕಾರ್ಡ್ ನುಡಿಸಿ, ಎಲ್ಲಿ ಮೈ ತುಂಬಿಕೊಳ್ಳುತ್ತೋ ಅಲ್ಲಿ ಬಿಡಿ.

ಮತ್ತೆ ಆ 'ಉಸಿರಾಟ'. ಕರೆಂಟನ್ನ ಡಿಸಿ ಮಾಡೋದಕ್ಕೂ ಇದರಲ್ಲಿ ಒಂದು ವಾಲ್ವ್ ಇದೆ. ಜೋರಾಗಿ ಹೊಡೆದಾಗ ಎಲ್ಲ ವಾಲ್ವೂ ಒಟ್ಟಿಗೆ ಕರೆಂಟ್ ಕೇಳ್ತವೆ, ಅದು ಪೂರೈಸೋಕಾಗದೆ ವೋಲ್ಟೇಜ್ ಕ್ಷಣ ಕುಸಿಯುತ್ತೆ, ಮತ್ತೆ ಏರುತ್ತೆ. ಸ್ವರ ಮೊದಲು ಕುಗ್ಗಿ ಆಮೇಲೆ ಅರಳಿದ ಹಾಗೆ ಕೇಳುತ್ತೆ. ಇದಕ್ಕೆ ನಾಬ್ ಇಲ್ಲ. ಇದು ನಿಮ್ಮ ಬಲಗೈ.

8/11

ಬಾಸ್‌ಮನ್ ಅಥವಾ ಹಳೇ ಮಾರ್ಷಲ್ ಮಾದರಿ ಆದ್ರೆ ಮುಂದೆ ನಾಲ್ಕು ತೂತು ಇರುತ್ತೆ. ಬ್ರೈಟ್ ಎರಡು, ನಾರ್ಮಲ್ ಎರಡು. ಬ್ರೈಟ್ ಒಂದೇ ಆದ್ರೆ ಚುಚ್ಚುತ್ತೆ, ನಾರ್ಮಲ್ ಒಂದೇ ಆದ್ರೆ ಕಂಬಳಿ ಹೊದ್ದ ಹಾಗೆ. ಗಿಟಾರನ್ನ ಬ್ರೈಟ್‌ನ ಮೊದಲ ತೂತಿಗೆ ಹಾಕಿ, ಬ್ರೈಟ್‌ನ ಎರಡನೇ ತೂತಿನಿಂದ ನಾರ್ಮಲ್‌ನ ಮೊದಲ ತೂತಿಗೆ ಒಂದು ಗೇಣುದ್ದದ ಕೇಬಲ್ ಹಾಕಿ. ಈಗ ಎರಡು ವಾಲ್ಯೂಮೂ ನಿಮ್ಮ ಕೈಲಿ. ಬ್ರೈಟ್ 5-6, ನಾರ್ಮಲ್ 3-4ರಿಂದ ಶುರು ಮಾಡಿ. (ಫೆಂಡರ್‌ನ 1960ರ ದಶಕದ ರಿವರ್ಬ್ ಇರೋ ಆಂಪ್‌ಗಳಲ್ಲಿ ಇದು ಬೇಡ. ಅಲ್ಲಿ ಎರಡು ಚಾನೆಲ್ ಒಂದಕ್ಕೊಂದು ಉಲ್ಟಾ, ಸೇರಿದ್ರೆ ಕಳೆದುಹೋಗ್ತವೆ.)

ಬಾಸ್ ನಾಬ್ 2-3ರ ಮೇಲೆ ಬೇಡ. ಜೋರಾದ ಮೇಲೆ ಮೊದಲು ಒಡೆದು ಕೆಸರಾಗೋದು ಕೆಳಗಿನ ತಂತಿಗಳೇ. ಮಿಡ್ಲ್ 6-7 ಕೊಡಿ, ಹೆದರಬೇಡಿ. ಗಿಟಾರ್ ಇರೋ ಜಾಗವೇ ಅದು.

ರೂಮಲ್ಲಿ ಸೆಟ್ ಮಾಡಿದ ಟೋನ್ ಸ್ಟೇಜಲ್ಲಿ ಯಾಕೆ ಕೆಡುತ್ತೆ ಅನ್ನೋದಕ್ಕೆ 1933ರಷ್ಟು ಹಿಂದೆಯೇ ಉತ್ತರ ಸಿಕ್ಕಿತ್ತು. ಬೆಲ್ ಲ್ಯಾಬ್ಸ್‌ನ ಫ್ಲೆಚರ್, ಮನ್ಸನ್ ಅನ್ನೋ ಇಬ್ಬರು ಅಳೆದು ತೋರಿಸಿದ್ರು: ಸದ್ದು ಮೆಲ್ಲಗಿದ್ದಾಗ ನಮ್ಮ ಕಿವಿಗೆ ಬಾಸ್ ಕಡಿಮೆ ಕೇಳುತ್ತೆ, ತೀರಾ ಮೇಲಿನ ಟ್ರೆಬಲ್ಲೂ ಕಡಿಮೆ. ಅದಕ್ಕೆ ರೂಮಲ್ಲಿ ಎರಡನ್ನೂ ಏರಿಸಿ, ಮಿಡ್ಲ್ ಇಳಿಸಿ ಖುಷಿ ಪಡ್ತೀವಿ. ಅದೇ ಸೆಟ್ಟಿಂಗ್ ಸ್ಟೇಜಲ್ಲಿ ಜೋರು ಮಾಡಿದ್ರೆ ಬಾಸ್ ಗುಡುಗುತ್ತೆ, ಟ್ರೆಬಲ್ ಕೊರೆಯುತ್ತೆ, ಗಿಟಾರೇ ಕೇಳಲ್ಲ. ನುಡಿಸೋ ಜೋರಲ್ಲೇ ಸೆಟ್ ಮಾಡಿ, ಬೇರೆ ದಾರಿ ಇಲ್ಲ.

ಸ್ಪೀಕರ್ ಎಲ್ಲಿ ನೋಡ್ತಿದೆ ಅಂತಲೂ ನೋಡಿ. ಟ್ರೆಬಲ್ ಟಾರ್ಚ್ ಬೆಳಕಿನ ಹಾಗೆ ನೇರ ಹೋಗುತ್ತೆ. ನೆಲದ ಮೇಲಿಟ್ಟ ಆಂಪ್‌ನ ಆ ಬೆಳಕು ನಿಮ್ಮ ಮೊಣಕಾಲಿಗೆ ಬೀಳ್ತಾ ಇರುತ್ತೆ. ಕಿವಿಗೆ ಮಂದ ಅನ್ನಿಸಿ ನೀವು ಟ್ರೆಬಲ್ ಏರಿಸ್ತೀರಿ, ಎದುರು ಕೂತವರು ಹಲ್ಲು ಕಡೀತಾರೆ. ಒಂದು ಕುರ್ಚಿ ಮೇಲಿಡಿ, ಇಲ್ಲ ಹಿಂದಕ್ಕೆ ವಾಲಿಸಿ. ಪೈಸೆ ಖರ್ಚಿಲ್ಲದೆ ಟೋನ್ ಬದಲಾಯಿಸೋ ಉಪಾಯದಲ್ಲಿ ಇದೇ ಬೆಸ್ಟ್.

9/11

'ಅಷ್ಟು ಜೋರಾಗಿ ಎಲ್ಲಪ್ಪಾ ನುಡಿಸೋದು? ಪಿಜಿ ಓನರ್ ಆಚೆ ಹಾಕ್ತಾರೆ.' ಗೊತ್ತು. ಈ ಟೋನ್‌ನ ದೊಡ್ಡ ಕಷ್ಟವೇ ಇದು.

ಸಣ್ಣ ಆಂಪ್ ತಗೊಂಡ್ರೆ ಆಯ್ತು ಅನ್ನೋರು ಲೆಕ್ಕ ಕೇಳಿ. ವ್ಯಾಟ್ ಅರ್ಧ ಮಾಡಿದ್ರೆ ಇಳಿಯೋದು ಬರೀ 3 ಡೆಸಿಬೆಲ್. ಕಿವಿಗೆ ಅರ್ಧ ಜೋರು ಅನ್ನಿಸಬೇಕಾದ್ರೆ ಸುಮಾರು 10 ಡೆಸಿಬೆಲ್ ಇಳೀಬೇಕು, ಅಂದ್ರೆ ವ್ಯಾಟ್ ಹತ್ತನೇ ಒಂದು ಭಾಗ ಆಗಬೇಕು. 50 ವ್ಯಾಟಿನ ಅರ್ಧ ಜೋರು 25 ವ್ಯಾಟ್ ಅಲ್ಲ, 5 ವ್ಯಾಟ್! ಆ 5 ವ್ಯಾಟೂ ರೂಮಿಗೆ ತುಂಬಾ ಜಾಸ್ತಿ.

ಆದ್ರೂ ಸಣ್ಣದೇ ಸರಿ ಅಂತ ನನ್ನ ಅಭಿಪ್ರಾಯ. ಇದಕ್ಕೆ ಸಾಕ್ಷಿ ಕ್ಲಾಪ್ಟನ್ನೇ. ಡೆಕ್ಕಾದಲ್ಲಿ ಹಟ ಹಿಡಿದ ನಾಲ್ಕು ವರ್ಷಕ್ಕೆ, 1970ರಲ್ಲಿ, ಮಯಾಮಿಯಲ್ಲಿ 'ಲೈಲಾ' ರೆಕಾರ್ಡ್ ಮಾಡುವಾಗ ಬಳಸಿದ್ದು ಚಾಂಪ್‌ನಂಥ ಪುಟ್ಟ ಫೆಂಡರ್ ಆಂಪ್. 5 ವ್ಯಾಟು, ಒಂದೇ ಒಂದು ಪವರ್ ವಾಲ್ವ್, 8 ಇಂಚಿನ ಸ್ಪೀಕರ್. ಅದನ್ನ ಬೆವರಿಸೋದು ಸುಲಭ, ಮೈಕಿಗೆ ಅದು ಸಣ್ಣದು ಅಂತ ಗೊತ್ತಾಗಲ್ಲ.

ಕಂಪನಿಗಳು ಕಂಡ್ಕೊಂಡ ದಾರಿ ಮಾಸ್ಟರ್ ವಾಲ್ಯೂಮ್. ಮಾರ್ಷಲ್ 1975ರಲ್ಲಿ ಅದನ್ನ ತಂತು. ಮೊದಲ ಹಂತದ ವಾಲ್ವ್‌ಗಳು ಒಡೀಲಿ, ಕೊನೆಯ ಹಂತ ಮೆಲ್ಲಗಿರಲಿ ಅನ್ನೋ ಲೆಕ್ಕ. ಚೆನ್ನಾಗೇ ಇರುತ್ತೆ, ಆದ್ರೆ ಬೇರೆ ಟೋನ್. ಇನ್ನೊಂದು ಅಟೆನ್ಯುಯೇಟರ್. ಆಂಪ್‌ಗೂ ಸ್ಪೀಕರ್‌ಗೂ ನಡುವೆ ಕೂತು ಶಕ್ತಿಯನ್ನ ಬಿಸಿಯಾಗಿ ಕಳೆಯುತ್ತೆ. ವಾಲ್ವ್ ಪೂರ್ತಿ ಬೆವರುತ್ತೆ, ಸ್ಪೀಕರ್ ಬೆವರಲ್ಲ.

ಕಿವಿ ವಿಷಯ ಸೀರಿಯಸ್ಸಾಗಿ ಹೇಳ್ತೀನಿ. 85 ಡೆಸಿಬೆಲ್ ಸದ್ದಲ್ಲಿ ದಿನಕ್ಕೆ 8 ಗಂಟೆ ಇರಬಹುದು ಅಂತ ಒಂದು ಲೆಕ್ಕ ಇದೆ. ಪ್ರತಿ 3 ಡೆಸಿಬೆಲ್ ಏರಿದ್ರೆ ಆ ಟೈಮ್ ಅರ್ಧ. 100 ಡೆಸಿಬೆಲ್‌ಗೆ ಬರೋಷ್ಟರಲ್ಲಿ ಉಳಿಯೋದು 15 ನಿಮಿಷ. ಡ್ರಮ್ಮಿನ ಪಕ್ಕ ಪ್ರಾಕ್ಟೀಸ್ ರೂಮು ಇದನ್ನ ಸಲೀಸಾಗಿ ದಾಟುತ್ತೆ. ಇನ್ನೂ ಜೋರಿನ ಆಂಪ್ ಬೇಕು ಅಂತ ಮಾರ್ಷಲ್ ಅಂಗಡಿಗೆ ಹೋಗಿದ್ದ ಟೌನ್‌ಶೆಂಡ್ ಆಮೇಲೆ ಕಿವಿ ಕಳ್ಕೊಂಡಿದ್ದನ್ನ ಬಹಿರಂಗವಾಗೇ ಹೇಳಿದ್ದಾರೆ. ಮೆಡಿಕಲ್ ಶಾಪಿನ ಇಯರ್‌ಪ್ಲಗ್ ಆದ್ರೂ ಹಾಕ್ಕೊಳ್ಳಿ.

10/11

ಲೆಸ್ ಹಾರ್ವೀ. ಸ್ಟೋನ್ ದಿ ಕ್ರೋಸ್ ಅನ್ನೋ ಸ್ಕಾಟ್ಲೆಂಡಿನ ಬ್ಯಾಂಡಿನ ಗಿಟಾರಿಸ್ಟ್. ಮೇ 1972ರಲ್ಲಿ ವೇಲ್ಸ್‌ನ ಸ್ವಾನ್ಸೀಯಲ್ಲಿ, ಸ್ಟೇಜ್ ಮೇಲೆ, ಜನರೆದುರೇ, ಅರ್ಥಿಂಗ್ ಸರಿಯಿಲ್ಲದ ಮೈಕ್ ಮುಟ್ಟಿ ಸತ್ತುಹೋದ್ರು. ಒಂದು ಕೈ ಗಿಟಾರ್ ತಂತಿ ಮೇಲೆ, ಇನ್ನೊಂದು ಮೈಕ್ ಮೇಲೆ ಇದ್ರೆ ಕರೆಂಟ್ ಹಾದುಹೋಗೋ ದಾರಿ ಎದೆ. ಅದಕ್ಕೆ ಏಳು ವರ್ಷ ಮೊದಲು, 1965ರಲ್ಲಿ, ಸ್ಯಾಕ್ರಮೆಂಟೊದಲ್ಲಿ ಕೀತ್ ರಿಚರ್ಡ್ಸ್‌ನ ಗಿಟಾರ್ ಮೈಕಿಗೆ ತಾಗಿ ಅವರೂ ಪ್ರಜ್ಞೆ ತಪ್ಪಿ ಬಿದ್ದಿದ್ರು, ಉಳ್ಕೊಂಡ್ರು.

ಈಗ ನಮ್ಮ ಕಾಲೇಜ್ ಫೆಸ್ಟ್, ಗಣಪತಿ ಪೆಂಡಾಲ್ ನೆನಪು ಮಾಡ್ಕೊಳ್ಳಿ. ಜನರೇಟರ್, ಟೇಪ್ ಸುತ್ತಿದ ವೈರು, ಮೂರು ಪಿನ್ನಿನ ಒಂದು ಪಿನ್ನು ಕಿತ್ತ ಎಕ್ಸ್‌ಟೆನ್ಷನ್ ಬಾಕ್ಸ್. ಆ ಕಿತ್ತ ಪಿನ್ನೇ ಅರ್ಥ್. ಗಿಟಾರಿನ ಗ್ರೌಂಡ್ ಮತ್ತು ಮೈಕಿನ ಗ್ರೌಂಡ್ ಒಂದೇ ಆಗಿರಬೇಕು, ಆಂಪೂ ಸೌಂಡ್ ಸಿಸ್ಟಮ್ಮೂ ಒಂದೇ ಅರ್ಥ್ ಇರೋ ಲೈನಿಂದ ತಗೋಬೇಕು. ಹಾಡೋ ಮೊದಲು ಎಲೆಕ್ಟ್ರಿಷಿಯನ್ ಅಣ್ಣನ್ನ ಕರೆದು ಮೈಕಿಗೂ ತಂತಿಗೂ ನಡುವೆ ಮೀಟರ್ ಹಿಡಿಸಿ. ತುಟಿಗೆ ಚುರ್ ಅಂದ್ರೆ ನಗಬೇಡಿ, ನಿಲ್ಲಿಸಿ. ಫೆಸ್ಟ್ ಕಮಿಟಿಯವರು ಬೈದ್ರೆ ಬೈಲಿ.

ಅಮೆರಿಕದಿಂದ ಕಸಿನ್ ತಂದುಕೊಟ್ಟ ಆಂಪ್ ಆದ್ರೆ ಅದು 120 ವೋಲ್ಟಿಂದು. ನಮ್ಮದು 230. ಒಳ್ಳೇ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು, ಅದರಲ್ಲಿ ಅರ್ಥ್ ದಾಟುತ್ತಾ ಅಂತ ಕೇಳಿ ತಗೊಳ್ಳಿ. ಸ್ಪೀಕರ್ ಜೋಡಿಸದೆ ವಾಲ್ವ್ ಆಂಪ್ ಆನ್ ಮಾಡಬೇಡಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು. ಆಂಪ್‌ನ ಓಮ್ ಎಷ್ಟೋ ಸ್ಪೀಕರ್‌ದೂ ಅಷ್ಟೇ ಇರಲಿ. ಮತ್ತೆ ಯೂಟ್ಯೂಬ್ ನೋಡಿ ಆಂಪ್ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪ್ಯಾಸಿಟರ್‌ಗಳಲ್ಲಿ ನೂರಾರು ವೋಲ್ಟ್ ಉಳಿದಿರಬಹುದು. ಅದನ್ನ ಖಾಲಿ ಮಾಡೋಕೆ ಗೊತ್ತಿರೋರ ಕೈಗೇ ಕೊಡಿ.

11/11

ಟ್ರಾನ್ಸಿಸ್ಟರ್ ಬಂದ ಮೇಲೆ ವಾಲ್ವ್ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದ್ವು. ರೇಡಿಯೋ ಬಿಡ್ತು, ಟಿವಿ ಬಿಡ್ತು, ಗಿಟಾರಿನವರು ಬಿಡಲಿಲ್ಲ. ಈಗ ಆಂಪ್‌ಗೆ ಬೇಕಾದ ವಾಲ್ವ್ ಬರೋದು ಹೆಚ್ಚಾಗಿ ರಷ್ಯಾ, ಸ್ಲೊವಾಕಿಯಾ, ಚೀನಾದಿಂದ. 2022ರಲ್ಲಿ ಯುದ್ಧ ಶುರುವಾಗಿ ರಷ್ಯಾದ ರಫ್ತಿಗೆ ತಡೆ ಬಿದ್ದಾಗ ಜಗತ್ತಿನ ಗಿಟಾರಿಸ್ಟ್‌ಗಳೆಲ್ಲ ಗಾಬರಿಯಾಗಿ ವಾಲ್ವ್ ಕೂಡಿಡೋಕೆ ಓಡಿದ್ರು.

ಆ ಪಟ್ಟಿಯಲ್ಲಿ ಒಂದು ಕಾಲಕ್ಕೆ ನಮ್ಮ ಜಾಲಹಳ್ಳಿಯೂ ಇತ್ತು. 1954ರಲ್ಲಿ ಬೆಂಗಳೂರಲ್ಲಿ ಶುರುವಾದ ಬಿಇಎಲ್, 1961ರಲ್ಲಿ ರೇಡಿಯೋ ವಾಲ್ವ್ ತಯಾರಿಸೋಕೆ ಶುರು ಮಾಡ್ತು. ನಮ್ಮ ಅಜ್ಜಂದಿರ ರೇಡಿಯೋಗಳಿಗೆ ಅಂತ. ಅದರಲ್ಲಿ ಇಎಲ್84 ಅನ್ನೋದೂ ಒಂದು. ಡಿಕ್ ಡೆನ್ನಿ ಡಿಸೈನ್ ಮಾಡಿದ ವಾಕ್ಸ್ ಎಸಿ30 ಒಳಗೆ, ಅಂದ್ರೆ ಬೀಟಲ್ಸ್ ಹಿಂದೆ ನಿಂತಿರ್ತಿತ್ತಲ್ಲ ಆ ಆಂಪ್ ಒಳಗೆ, ಇರೋದು ಇದೇ ನಂಬರಿನ ನಾಲ್ಕು ವಾಲ್ವ್. ಬಿಇಎಲ್ ಅಂತ ಅಚ್ಚಾದ ಹಳೇ ಇಎಲ್84ಗಳನ್ನ ಇವತ್ತಿಗೂ ವಿದೇಶದ ಆಂಪ್ ಪ್ರಿಯರು ಹುಡುಕಿ ಕೊಳ್ತಾರೆ.

ಹಾಗಾಗಿ ಒಂದು ಕೆಲಸ. ಮನೆ ಅಟ್ಟದಲ್ಲಿ ಸತ್ತ ವಾಲ್ವ್ ರೇಡಿಯೋ ಇದ್ರೆ ಗುಜರಿಗೆ ಹಾಕಬೇಡಿ. ಪ್ಲಗ್‌ಗೆ ಹಾಕಲೂಬೇಡಿ. ಪರಿಚಯದ ರೇಡಿಯೋ ರಿಪೇರಿಯವರ ಹತ್ರ ಹಿಂದಿನ ಮುಚ್ಚಳ ತೆಗೆಸಿ, ಗಾಜಿನ ಮೇಲೆ ಏನು ಬರೆದಿದೆ ಓದಿಸಿ. ಬಿಇಎಲ್ ಅಂತಲೂ ಇಎಲ್84 ಅಂತಲೂ ಕಂಡ್ರೆ ಒರೆಸೋ ಮೊದಲು ಫೋಟೋ ತೆಗೀರಿ, ಬಟ್ಟೆ ತಾಗಿದ್ರೆ ಆ ಅಕ್ಷರ ಅಳಿಸಿಹೋಗುತ್ತೆ. ನಂಗೆ ಟ್ಯಾಗ್ ಮಾಡಿ, ಸ್ಟೋರಿಗೆ ಹಾಕ್ತೀನಿ.